ಹರಿಶ್ಚಂದ್ರಕಥೆಯೂ ಪ್ರೇಕ್ಷಕರ ಕಣ್ಣೀರೂ

೧

ಕರುಣರಸಪ್ರಧಾನವಾದ ನಾಟಕವನ್ನೋ ಚಲಚ್ಚಿತ್ರವನ್ನೋ ನೋಡಿ ಕಣ್ಣೀರು ಸುರಿಸುವವನನ್ನು ಕುರಿತು ವಿದ್ಯಾವಂತರಲ್ಲಿ ಎರಡು ಬಗೆಯ ಭಾವನೆಗಳುಂಟು. ಅವನು ಸಹೃದಯನೆಂದು ಕೆಲವರು ಮೆಚ್ಚುವರು. ಕಟ್ಟುಕಥೆಯನ್ನು ನಿಜವೆಂದು ನಂಬುವ ಮುಗ್ಧನೆಂದು ಹಲವರು ನಗುವರು. ಚಲಚ್ಚಿತ್ರದ ವಿಷಯದಲ್ಲಂತೂ ಈ ನಗೆಯೇ ಹೆಚ್ಚು. ಒಂದೇ ಚಿತ್ರವನ್ನು ಹತ್ತು ಸಲ ನೋಡಿ, ಹತ್ತು ಸಲವೂ ಅತ್ತು, ಮನೆಗೆ ಬಂದು ಅದರ ಕಥೆಯನ್ನೇ ಹೇಳುತ್ತ ಕೂರುವ ಪ್ರೇಕ್ಷಕನಿಗೆ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವು ದೊರೆತಿಲ್ಲ. ಕವಿಯ ಕಾಲ, ಕೃತಿಯ ಆಕರ, ಪಾಠಾಂತರ, ಛಂದಸ್ಸು ಇವುಗಳ ವಿಚಾರವು ವಿಸ್ತಾರವಾಗಿ ನಡೆದಿದೆ. ನೋಡಿದವನಿಗೆ ಏನಾಯಿತೆಂಬ ವಿಚಾರವು ವಿರಳ.

ಈ ವಿಚಾರಕ್ಕೆ ಹರಿಶ್ಚಂದ್ರನ ಕಥೆಯಷ್ಟು ಅನುಕೂಲವಾದ ಉದಾಹರಣೆಯು ಭರತಖಂಡದಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ. ಆಲಂಕಾರಿಕರು ಪ್ರೇಕ್ಷಕನ ಅಶ್ರುವಿನ ಕಾರಣವನ್ನು ವಿಮರ್ಶಿಸುವಾಗ ಈ ಕಥೆಯನ್ನೇ ಹೆಸರಿಸಿದ್ದಾರೆ. ರಾಜಕೋಟೆಯ ಬಾಲಕನೊಬ್ಬನು ಇದನ್ನು ರಂಗದ ಮೇಲೆ ನೋಡಿ ಅತ್ತನು. ಅವನೇ ಮುಂದೆ ಮಹಾತ್ಮಾ ಗಾಂಧಿಯೆನಿಸಿದನು. ಭಾರತೀಯರು ನಿರ್ಮಿಸಿದ ಮೊದಲನೆಯ ಪೂರ್ಣಪ್ರಮಾಣದ ಕಥಾಚಿತ್ರವೆಂದು ಸಾಮಾನ್ಯವಾಗಿ ಗಣಿಸಲ್ಪಟ್ಟಿರುವುದೂ ಇದೇ ಕಥೆ. ಕನ್ನಡದಲ್ಲಿ ರಾಘವಾಂಕನಿಂದ ಮೊದಲುಗೊಂಡು ಚಲಚ್ಚಿತ್ರದವರೆಗೆ ಇದರ ಧಾರೆಯು ಬತ್ತದೆ ಹರಿದುಬಂದಿದೆ. ಈ ಸಾಕ್ಷ್ಯಗಳನ್ನು ಕ್ರಮವಾಗಿ ಪರಿಶೀಲಿಸಿದಲ್ಲಿ, ಪ್ರೇಕ್ಷಕನ ಕಣ್ಣೀರಿನಿಂದ ಕೃತಿಯು ಮುಗಿಯುವುದಿಲ್ಲ, ಅಲ್ಲಿಂದ ಅದರ ಮುಂದಿನ ಜನ್ಮವು ಮೊದಲಾಗುತ್ತದೆ ಎಂಬ ಅಂಶವು ಸ್ಪಷ್ಟವಾಗುವುದು.

೨

ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವು ಸಿದ್ಧಿಯ ಲಕ್ಷಣವನ್ನು ಹೇಳುತ್ತದೆ. ಪ್ರಯೋಗವು ಗೆದ್ದಿತೋ ಸೋತಿತೋ ಎಂಬುದನ್ನು ಭರತನು ಸಭೆಯಲ್ಲಿ ಕುಳಿತವರ ಮಾತಿನಿಂದಲೂ ಮೈಯಿಂದಲೂ ಅಳೆಯುತ್ತಾನೆ. ಸಿದ್ಧಿಯು ಮಾನುಷಿ, ದೈವಿಕೀ ಎಂದು ಎರಡು ವಿಧ. ಮಾನುಷಿಯಲ್ಲಿ ಮತ್ತೆ ವಾಙ್ಮಯಿ, ಶಾರೀರಿ ಎಂದು ಎರಡು ಭೇದಗಳು. ಮುಗುಳ್ನಗೆ, ಅರೆನಗೆ, ಗಟ್ಟಿನಗೆ, ‘ಸಾಧು’ ಎಂಬ ಮೆಚ್ಚುಗೆ, ‘ಅಹೋ’ ಎಂಬ ಬೆರಗು, ಕರುಣದ ಸಂದರ್ಭದಲ್ಲಿ ‘ಕಷ್ಟಂ’ ಎಂಬ ಉದ್ಗಾರ, ಸಭೆಯೆಲ್ಲ ಒಂದಾಗಿ ಎಬ್ಬಿಸುವ ಘೋಷ—ಇವು ವಾಙ್ಮಯಿ. ರೋಮಾಂಚ, ಕುಳಿತಲ್ಲಿಂದ ಎದ್ದುನಿಲ್ಲುವುದು, ಬಟ್ಟೆಯನ್ನೂ ಉಂಗುರವನ್ನೂ ನಟರತ್ತ ಎಸೆಯುವುದು—ಇವು ಶಾರೀರಿ. ಈ ಪಟ್ಟಿಯನ್ನು ಓದುವವರಿಗೆ, ಕನ್ನಡದ ಚಿತ್ರಮಂದಿರಗಳಲ್ಲಿ ಮೆಚ್ಚಿದ ನಟನು ಕಾಣಿಸಿಕೊಂಡೊಡನೆ ತೆರೆಯತ್ತ ನಾಣ್ಯಗಳನ್ನು ತೂರುತ್ತಿದ್ದ ಜನರ ನೆನಪು ಬಾರದಿರದು. ಅದು ನಾಗರಿಕತೆಯಿಲ್ಲದವರ ಗದ್ದಲವೆಂದು ಹಳಿಯುವವರು, ಶಾಸ್ತ್ರಕಾರನು ಅದೇ ಜಾತಿಯ ಚೇಷ್ಟೆಯನ್ನು ಪ್ರಯೋಗದ ಗೆಲವಿನ ಗುರುತೆಂದು ಎಣಿಸಿರುವುದನ್ನು ಗಮನಿಸಬೇಕು.

ಆದರೆ ಭರತನು ಗದ್ದಲದಲ್ಲಿಯೇ ನಿಲ್ಲುವುದಿಲ್ಲ. ರಂಗವು ತುಂಬಿದ್ದು, ಶಬ್ದವಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತಗಳಿಲ್ಲದೆ ಇರುವ ಸ್ಥಿತಿಯನ್ನು ಅವನು ದೈವಿಕೀ ಸಿದ್ಧಿಯೆಂದು ಕರೆಯುತ್ತಾನೆ. ಚಪ್ಪಾಳೆಯು ಮನುಷ್ಯರ ಒಪ್ಪಿಗೆ. ಸಭೆಯು ಉಸಿರು ಬಿಗಿಹಿಡಿದ ಮೌನವು ದೇವತೆಗಳ ಒಪ್ಪಿಗೆ. ಅದೇ ಅಧ್ಯಾಯದಲ್ಲಿ ಪ್ರೇಕ್ಷಕನ ಲಕ್ಷಣವೂ ಬರುತ್ತದೆ. ಪಾತ್ರವು ಸಂತೋಷಪಟ್ಟಾಗ ತಾನೂ ಸಂತೋಷಪಟ್ಟು, ಶೋಕಿಸಿದಾಗ ಶೋಕಿಸಿ, ಕೋಪಗೊಂಡಾಗ ಕೋಪಗೊಂಡು, ಹೆದರಿದಾಗ ಹೆದರುವವನೇ ಪ್ರೇಕ್ಷಕನು. ಇಂದ್ರಿಯಪಟುತ್ವ, ಊಹಾಪೋಹಸಾಮರ್ಥ್ಯ ಮುಂತಾದ ಗುಣಗಳನ್ನೂ ಅವನಲ್ಲಿ ಬಯಸಿರುವುದು ನಿಜ. ಆದರೆ ಎಲ್ಲ ಗುಣಗಳೂ ಒಬ್ಬನಲ್ಲಿಯೇ ಸೇರುವುದು ಅಪೂರ್ವವೆಂಬುದನ್ನು ಶಾಸ್ತ್ರಕಾರನು ಮರೆತಿಲ್ಲ. ತರುಣರು ಶೃಂಗಾರವನ್ನೂ ಶೂರರು ವೀರವನ್ನೂ ವೃದ್ಧರು ಪುರಾಣಕಥೆಯನ್ನೂ ಬಯಸುವರೆಂದು ಹೇಳಿ, ಅವರವರ ರುಚಿಗೆ ಅವಕಾಶವನ್ನಿತ್ತಿದ್ದಾನೆ. ಸರ್ವವರ್ಣದವರಿಗೂ ಸಲ್ಲುವ ಐದನೆಯ ವೇದವನ್ನು ರಚಿಸಹೊರಟವನಿಗೆ ಈ ಔದಾರ್ಯವು ಅವಶ್ಯವೇ ಆಗಿದ್ದಿತು.

ಮಗ್ನನಾದ ಪ್ರೇಕ್ಷಕನು ಅಲ್ಪನಲ್ಲವೆಂಬುದಕ್ಕೆ ಭವಭೂತಿಯ ಉತ್ತರರಾಮಚರಿತವು ಸಾಕ್ಷಿ. ಮೊದಲನೆಯ ಅಂಕದಲ್ಲಿ ಸೀತಾರಾಮರು ತಮ್ಮದೇ ಕಥೆಯ ಚಿತ್ರಪಟಗಳನ್ನು ನೋಡುತ್ತಾರೆ. ಶೂರ್ಪನಖಿಯ ಚಿತ್ರವನ್ನು ಕಂಡ ಸೀತೆಯು ಬೆದರುತ್ತಾಳೆ. ಅದು ಬರಿಯ ಚಿತ್ರವೆಂದು ಅವಳಿಗೆ ನೆನಪು ಮಾಡಿಕೊಡಬೇಕಾಗುತ್ತದೆ. ಏಳನೆಯ ಅಂಕದಲ್ಲಿ ಅಪ್ಸರೆಯರು ಆಡುವ ನಾಟಕವನ್ನು ನೋಡುತ್ತಿರುವ ರಾಮನು ತಡೆಯಲಾರದೆ ಎದ್ದು ಮಾತನಾಡುತ್ತಾನೆ. ಇದು ನಾಟಕವೆಂದು ಲಕ್ಷ್ಮಣನು ಎಚ್ಚರಿಸುತ್ತಾನೆ. ರಘುಕುಲತಿಲಕನಿಗೇ ಹೀಗಾದ ಮೇಲೆ ಇತರರನ್ನು ನಗುವುದು ಸಲ್ಲದು.

೩

ಈಗ ಹರಿಶ್ಚಂದ್ರನ ಕಥೆಯ ಬೆಳವಣಿಗೆಯನ್ನು ನೋಡಬಹುದು. ಐತರೇಯಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಬರುವ ಹರಿಶ್ಚಂದ್ರನು ಸತ್ಯಸಂಧನಾಗಿ ಕಾಣುವುದಿಲ್ಲ. ನೂರು ಮಂದಿ ಪತ್ನಿಯರಿದ್ದರೂ ಮಕ್ಕಳಿಲ್ಲದ ಆ ದೊರೆಯು, ಮಗ ಹುಟ್ಟಿದರೆ ಅವನನ್ನೇ ಬಲಿಯಾಗಿ ಅರ್ಪಿಸುವೆನೆಂದು ವರುಣನಿಗೆ ಮಾತು ಕೊಡುತ್ತಾನೆ. ಮಗನು ಹುಟ್ಟಿದ ಮೇಲೆ, ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಹಲ್ಲು ಬರಲಿ ಎಂದು ನೆವವೊಡ್ಡಿ ಕಾಲವನ್ನು ತಳ್ಳುತ್ತಾನೆ. ರೋಹಿತನು ಕಾಡಿಗೆ ಹೋಗುತ್ತಾನೆ. ಕಡೆಗೆ ಅಜೀಗರ್ತನೆಂಬವನ ಮಗನಾದ ಶುನಃಶೇಪನನ್ನು ನೂರು ಗೋವುಗಳಿಗೆ ಕೊಂಡು ತನ್ನ ಬದಲಿಗೆ ಯೂಪಕ್ಕೆ ಕಟ್ಟಿಸುತ್ತಾನೆ. ಶುನಃಶೇಪನು ದೇವತೆಗಳನ್ನು ಸ್ತುತಿಸಿ ಬಿಡುಗಡೆ ಹೊಂದುತ್ತಾನೆ. ಈ ಆಖ್ಯಾನವನ್ನು ರಾಜಸೂಯದಲ್ಲಿ ದೊರೆಗೆ ಕೇಳಿಸಬೇಕೆಂಬ ವಿಧಿಯಿದೆ. ಅಲ್ಲಿ ಶ್ರೋತೃವು ಒಬ್ಬ ದೊರೆ, ಫಲವು ಪಾಪವಿಮೋಚನೆ, ಕಣ್ಣೀರಿಗೆ ಅಲ್ಲಿ ಸ್ಥಾನವಿಲ್ಲ.

ಮಾರ್ಕಂಡೇಯಪುರಾಣಕ್ಕೆ ಬಂದಾಗ ಕಥೆಯ ಹೃದಯವೇ ಬೇರೆಯಾಗಿದೆ. ವಿಶ್ವಾಮಿತ್ರನು ವಶಪಡಿಸಿಕೊಳ್ಳುತ್ತಿದ್ದ ವಿದ್ಯೆಗಳ ಆರ್ತನಾದವನ್ನು ಕೇಳಿ, ಸ್ತ್ರೀಯರು ಅಳುತ್ತಿರುವರೆಂದು ಭಾವಿಸಿ ರಕ್ಷಿಸಲು ಹೋದ ದೊರೆಯು ಮುನಿಯ ಕೋಪಕ್ಕೆ ಗುರಿಯಾಗಿ ರಾಜ್ಯವನ್ನು ಕಳೆದುಕೊಳ್ಳುತ್ತಾನೆ. ದಕ್ಷಿಣೆಯ ಸಾಲವನ್ನು ತೀರಿಸಲು ತನ್ನನ್ನು ಮಾರಬಹುದೆಂದು ರಾಣಿ ಶೈಬ್ಯೆಯೇ ಹೇಳುತ್ತಾಳೆ. ಅದನ್ನು ಕೇಳಿ ದೊರೆಯು ಮೂರ್ಛೆಹೋಗುತ್ತಾನೆ. ಕೊಂಡವನು ಎಳೆದೊಯ್ಯುವಾಗ ಬಾಲಕನು ತಾಯಿಯ ಸೆರಗನ್ನು ಬಿಡುವುದಿಲ್ಲ. ದೊರೆಯು ಚಂಡಾಲನ ಸೇವಕನಾಗಿ ಶ್ಮಶಾನವನ್ನು ಕಾಯುವುದು, ಹಾವು ಕಚ್ಚಿ ಸತ್ತ ಮಗನನ್ನು ತಾಯಿಯು ಅಲ್ಲಿಗೇ ತರುವುದು, ದಂಪತಿಗಳು ಒಬ್ಬರನ್ನೊಬ್ಬರು ಗುರುತಿಸಿ ಮಗನ ಚಿತೆಯನ್ನೇರಲು ನಿಶ್ಚಯಿಸುವುದು—ಇವೆಲ್ಲವೂ ಇಲ್ಲಿವೆ. ವರುಣನಿಗೆ ಕೊಟ್ಟ ಮಾತನ್ನು ನೆವವೊಡ್ಡಿ ಜಾರಿಸಿದ ವೈದಿಕ ರಾಜನು ಇಲ್ಲಿ ಮಾತಿಗಾಗಿ ಸರ್ವಸ್ವವನ್ನೂ ತೆತ್ತವನಾಗಿದ್ದಾನೆ. ಸ್ವರ್ಗಕ್ಕೆ ಕರೆದಾಗಲೂ ತನ್ನ ಪ್ರಜೆಗಳನ್ನು ಬಿಟ್ಟು ಬರಲಾರೆನೆನ್ನುತ್ತಾನೆ. ಒಬ್ಬ ದೊರೆಗೆ ಹೇಳಿದ ಆಖ್ಯಾನವು ನಾಡಿನ ಜನರೆಲ್ಲ ಕೇಳುವ ಕಥೆಯಾದಾಗ, ಆ ಜನರು ಕಥೆಯೊಳಕ್ಕೇ ಪ್ರವೇಶಿಸಿದಂತೆ ತೋರುತ್ತದೆ.

ಕ್ಷೇಮೀಶ್ವರನ ಚಂಡಕೌಶಿಕವು ಈ ಪುರಾಣಕಥೆಯನ್ನು ಐದು ಅಂಕಗಳ ನಾಟಕವಾಗಿ ಮಾಡಿತು. ಕೃತಿಯು ಮಹೀಪಾಲನೆಂಬ ದೊರೆಯ ಆಸ್ಥಾನಕ್ಕೆ ಸೇರಿದುದು; ಆ ಮಹೀಪಾಲನು ಪ್ರತೀಹಾರನೋ ಪಾಲವಂಶದವನೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಪ್ರಸ್ತಾವನೆಯಲ್ಲಿ ಅವನನ್ನು ಚಂದ್ರಗುಪ್ತನಿಗೂ ಅವನ ವೈರಿಗಳಾದ ಕರ್ಣಾಟರನ್ನು ನಂದರಿಗೂ ಹೋಲಿಸಿರುವುದು ಕನ್ನಡನಾಡಿನ ಚರಿತ್ರಕಾರರಿಗೆ ಕುತೂಹಲಕಾರಿಯಾದ ಅಂಶ.

ಹಂಪೆಯ ರಾಘವಾಂಕನು ೧೩ನೆಯ ಶತಮಾನದ ಆದಿಭಾಗದವನೆಂಬುದು ಹೆಚ್ಚಾಗಿ ಪ್ರಚಲಿತವಾಗಿರುವ ಅಭಿಪ್ರಾಯ. ವಾರ್ಧಕಷಟ್ಪದಿಯಲ್ಲಿರುವ ಅವನ ಹರಿಶ್ಚಂದ್ರಕಾವ್ಯವು ಕಥೆಯ ಕೀಲನ್ನೇ ಬದಲಾಯಿಸಿತು. ಇಂದ್ರಸಭೆಯಲ್ಲಿ ವಸಿಷ್ಠವಿಶ್ವಾಮಿತ್ರರ ವಾದವು ಮೂಲವಾಯಿತು. ಸಾಲ ವಸೂಲು ಮಾಡಲು ಬೆನ್ನುಹತ್ತುವ ನಕ್ಷತ್ರಕನು ಬಂದನು. ಶೈಬ್ಯೆಯು ಚಂದ್ರಮತಿಯಾದಳು, ಕುಮಾರನು ಲೋಹಿತಾಶ್ವನಾದನು. ಕಾಶೀರಾಜನ ಮಗುವನ್ನು ಕೊಂದಳೆಂಬ ಸುಳ್ಳು ಅಪವಾದವನ್ನು ಹೊತ್ತ ಚಂದ್ರಮತಿಯ ತಲೆಯನ್ನು ಹರಿಶ್ಚಂದ್ರನೇ ಕಡಿಯಬೇಕಾಗಿ ಬರುವ ಪ್ರಸಂಗವು ಪುರಾಣದಲ್ಲಿಲ್ಲ. ಎತ್ತಿದ ಕತ್ತಿಯು ಇಳಿಯುವುದಕ್ಕೆ ಮೊದಲು ವಿಶ್ವನಾಥನು ಪ್ರತ್ಯಕ್ಷನಾಗುವನು. ಕೇಳುವವರ ಉಸಿರು ಎಲ್ಲಿ ನಿಲ್ಲುವುದೆಂಬುದನ್ನು ಬಲ್ಲ ಕವಿಗೆ ಮಾತ್ರ ಹೊಳೆಯಬಹುದಾದ ಕಲ್ಪನೆಯಿದು.

೪

ಇಂತಹ ಕಥೆಯನ್ನು ಜನರು ಬಯಸಿ ಬಯಸಿ ಏಕೆ ನೋಡುತ್ತಾರೆ? ದುಃಖವು ಯಾರಿಗೂ ಬೇಡವಾದರೆ ದುಃಖದ ನಾಟಕವು ಏಕೆ ಬೇಕು? ಈ ಪ್ರಶ್ನೆಯನ್ನು ಪ್ರಾಚೀನರು ಹರಿಶ್ಚಂದ್ರನನ್ನು ಮುಂದಿಟ್ಟುಕೊಂಡೇ ಕೇಳಿರುವುದು ಗಮನಾರ್ಹವಾದುದು.

ಹೇಮಚಂದ್ರನ ಶಿಷ್ಯನೂ ೧೨ನೆಯ ಶತಮಾನದ ಗುರ್ಜರದೇಶದವನೂ ಆದ ರಾಮಚಂದ್ರನು ಗುಣಚಂದ್ರನೊಡನೆ ಸೇರಿ ನಾಟ್ಯದರ್ಪಣವನ್ನು ರಚಿಸಿದನು. ರಸಗಳೆಲ್ಲವೂ ಸುಖಾತ್ಮಕವೆಂಬ ಮತವನ್ನು ಇವರು ಒಪ್ಪುವುದಿಲ್ಲ. ಕೆಲವು ಸುಖಾತ್ಮಕ, ಕರುಣವೇ ಮೊದಲಾದ ಕೆಲವು ದುಃಖಾತ್ಮಕ ಎಂಬುದು ಇವರ ಪಕ್ಷ. ಸೀತಾಪಹರಣ, ದ್ರೌಪದಿಯ ಕೇಶಾಕರ್ಷಣ, ಹರಿಶ್ಚಂದ್ರನ ಚಂಡಾಲದಾಸ್ಯ, ರೋಹಿತಾಶ್ವನ ಮರಣ ಇವುಗಳ ಅಭಿನಯವನ್ನು ನೋಡುವ ಸಹೃದಯರಿಗೆ ಸುಖವೆಲ್ಲಿಂದ ಬಂದೀತೆಂದು ಇವರು ಕೇಳುತ್ತಾರೆ. ಹಾಗಾದರೆ ಜನರು ಹೋಗುವುದೇತಕ್ಕೆ? ಕವಿಯ ಶಕ್ತಿಯೂ ನಟನ ಕೌಶಲವೂ ಹುಟ್ಟಿಸುವ ಚಮತ್ಕಾರದಿಂದ. ಖಾರದ ರುಚಿಯು ಸೇರಿದಾಗ ಪಾನಕದ ಸವಿಯು ಹೆಚ್ಚುವಂತೆ, ದುಃಖವು ಬೆರೆತಾಗ ಸುಖಕ್ಕೆ ಸ್ವಾದ ಹೆಚ್ಚುವುದರಿಂದ. ರಾಮಚಂದ್ರನು ಬರಿಯ ಲಾಕ್ಷಣಿಕನಲ್ಲ, ಸತ್ಯಹರಿಶ್ಚಂದ್ರವೆಂಬ ನಾಟಕದ ಕರ್ತೃವೂ ಹೌದು. ಪ್ರೇಕ್ಷಕರನ್ನು ಅಳಿಸಿದ ಕೈಯೇ, ಅವರ ಅಳುವು ನಿಜವಾದ ಅಳುವೆಂದು ಬರೆಯಿತು.

ಇದಕ್ಕೆ ಎದುರಾದ ಪಕ್ಷವು ೧೪ನೆಯ ಶತಮಾನದಲ್ಲಿ ಕಳಿಂಗದ ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಸ್ಪಷ್ಟವಾಗಿದೆ. ಕರುಣದಲ್ಲಿಯೂ ಉಂಟಾಗುವುದು ಪರಮಸುಖವೇ. ಅದಕ್ಕೆ ಸಹೃದಯರ ಅನುಭವವೇ ಪ್ರಮಾಣ. ದುಃಖವಾಗುವುದಾದರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ, ರಾಮಾಯಣವೇ ದುಃಖಕಾರಣವಾಗುತ್ತಿದ್ದಿತು ಎಂಬುದು ಅವನ ವಾದ. ಹಾಗಾದರೆ ಹರಿಶ್ಚಂದ್ರಾದಿಗಳ ಚರಿತವನ್ನು ನೋಡಿ ಕೇಳಿದವರಿಗೆ ಕಣ್ಣೀರು ಬರುವುದೇತಕ್ಕೆ ಎಂಬ ಆಕ್ಷೇಪವನ್ನು ತಾನೇ ಎತ್ತಿ, ಚಿತ್ತವು ಕರಗುವುದರಿಂದ ಎಂದು ಉತ್ತರವೀಯುತ್ತಾನೆ. ಇದರ ಬೇರು ಕ್ರಿ. ಶ. ೧೦೦೦ದ ಆಸುಪಾಸಿನಲ್ಲಿದ್ದ ಕಾಶ್ಮೀರದ ಅಭಿನವಗುಪ್ತನಲ್ಲಿದೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ರಸಕ್ಕೆ ವಿಘ್ನವೆಂದೂ, ರಂಗದ ಮೇಲಿನ ಶೋಕವು ನನ್ನದು, ಅವನದು ಎಂಬ ಎಲ್ಲೆಗಳನ್ನು ಕಳೆದುಕೊಂಡು ಸಾಧಾರಣವಾಗುವುದೆಂದೂ ಅವನ ಸಿದ್ಧಾಂತ.

ಈ ಎರಡು ಪಕ್ಷಗಳ ತಾರತಮ್ಯವನ್ನು ತರ್ಕದಿಂದಲೇ ತೀರ್ಮಾನಿಸುವ ಯತ್ನಗಳು ಬಹಳ ನಡೆದಿವೆ. ಆದರೆ ವಿಶ್ವನಾಥನೇ ಸಹೃದಯನ ಅನುಭವವನ್ನು ಪ್ರಮಾಣವೆಂದಿರುವನಾದ್ದರಿಂದ, ಹರಿಶ್ಚಂದ್ರನನ್ನು ನೋಡಿದವರ ಸಾಕ್ಷ್ಯವನ್ನೇ ಕೇಳುವುದು ಯುಕ್ತ. ಹಿಂದಿನ ಕಾಲದ ಪ್ರೇಕ್ಷಕರು ತಮ್ಮ ಅನುಭವವನ್ನು ಬರೆದಿಟ್ಟುದು ಅಪೂರ್ವ. ೨೦ನೆಯ ಶತಮಾನದಲ್ಲಿ ಇಬ್ಬರು ಬರೆದಿಟ್ಟರು. ಒಬ್ಬರು ನಾಟಕದ ಪ್ರೇಕ್ಷಕರು, ಮತ್ತೊಬ್ಬರು ಚಲಚ್ಚಿತ್ರದ ಪ್ರೇಕ್ಷಕರು.

೫

೧೮೬೯ರಲ್ಲಿ ಜನಿಸಿದ ಗಾಂಧಿಯವರು ೧೯೨೫ರಿಂದ ‘ನವಜೀವನ’ದಲ್ಲಿ ಪ್ರಕಟಿಸತೊಡಗಿದ ಆತ್ಮಕಥೆಯ ಮೊದಲಿನಲ್ಲಿಯೇ ಈ ಸಂಗತಿಯನ್ನು ಹೇಳಿದ್ದಾರೆ. ರಾಜಕೋಟೆಗೆ ಬಂದಿದ್ದ ನಾಟಕಮಂಡಲಿಯೊಂದರ ಹರಿಶ್ಚಂದ್ರನಾಟಕವನ್ನು ತಂದೆಯ ಅಪ್ಪಣೆ ಪಡೆದು ಅವರು ನೋಡಿದರು. ಎಷ್ಟು ನೋಡಿದರೂ ತಣಿವಿಲ್ಲ. ಆದರೆ ಮತ್ತೆ ಮತ್ತೆ ಹೋಗಲು ಯಾರು ಬಿಟ್ಟಾರು? ಆದಕಾರಣ ಬಾಲಕನು ಮನಸ್ಸಿನಲ್ಲಿಯೇ ಆ ನಾಟಕವನ್ನು ಲೆಕ್ಕವಿಲ್ಲದಷ್ಟು ಸಲ ಆಡಿಕೊಂಡನು. ಎಲ್ಲರೂ ಹರಿಶ್ಚಂದ್ರನಂತೆ ಸತ್ಯವಂತರು ಏಕಾಗಬಾರದು ಎಂಬ ಪ್ರಶ್ನೆಯು ಅವನನ್ನು ಹಗಲಿರುಳು ಹಿಡಿಯಿತು. ಕಥೆಯು ಅಕ್ಷರಶಃ ನಡೆದುದೆಂದು ನಂಬಿ, ನೆನೆನೆನೆದು ಅತ್ತನು. ಹರಿಶ್ಚಂದ್ರನು ಚಾರಿತ್ರಿಕ ವ್ಯಕ್ತಿಯಾಗಿರಲಾರನೆಂದು ಪ್ರೌಢವಯಸ್ಸಿನ ವಿವೇಕವು ಹೇಳಿದರೂ, ಆ ಪಾತ್ರವು ತಮಗೆ ಜೀವಂತವಾಗಿಯೇ ಉಳಿದಿದೆಯೆಂದೂ, ಆ ನಾಟಕವನ್ನು ಮತ್ತೆ ಓದಿದರೆ ಮೊದಲಿನಂತೆಯೇ ಮನಸ್ಸು ಕರಗುವುದೆಂದೂ ಅವರು ಸೇರಿಸಿದ್ದಾರೆ.

ಈ ಸಾಕ್ಷ್ಯದಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಪುನರ್ದರ್ಶನದ ಹಂಬಲ. ದುಃಖವು ಸುಖವಾಗದಿದ್ದರೆ ಈ ಹಂಬಲವು ಹುಟ್ಟದೆಂಬ ವಿಶ್ವನಾಥನ ಮಾತನ್ನು ಇದು ಸಮರ್ಥಿಸುತ್ತದೆ. ಎರಡನೆಯದು ನಿಜವಾದ ನೋವು. ಇದು ರಾಮಚಂದ್ರನ ಪಕ್ಷಕ್ಕೆ ಆಧಾರ. ಮೂರನೆಯದನ್ನು ಎರಡು ಪಕ್ಷದವರೂ ಸಾಕಷ್ಟು ಎತ್ತಿ ಹೇಳಿಲ್ಲ: ನಾಟಕವು ಮುಗಿದ ಮೇಲೆ ಕಣ್ಣೀರು ಪ್ರಶ್ನೆಯಾಗಿ ಮಾರ್ಪಟ್ಟುದು. ನಾಟ್ಯವು ಹಿತೋಪದೇಶವನ್ನು ಉಂಟುಮಾಡುವುದೆಂದು ಭರತನು ಹೇಳಿರುವನಷ್ಟೆ. ಇಲ್ಲಿ ಉಪದೇಶವನ್ನು ಯಾರೂ ಮಾಡಲಿಲ್ಲ. ಅತ್ತವನು ತನಗೆ ತಾನೇ ಮಾಡಿಕೊಂಡನು.

ಅದೇ ಅಧ್ಯಾಯದಲ್ಲಿ, ಊರೂರು ತಿರುಗುತ್ತ ಚಿತ್ರಗಳನ್ನು ತೋರಿಸುವವರು ಬಂದುದನ್ನೂ, ಕುರುಡರಾದ ತಾಯಿತಂದೆಗಳನ್ನು ಕಾವಡಿಯಲ್ಲಿ ಹೊತ್ತು ನಡೆಯುವ ಶ್ರವಣನ ಚಿತ್ರವು ಮನಸ್ಸಿನಲ್ಲಿ ಅಚ್ಚೊತ್ತಿದುದನ್ನೂ ಗಾಂಧಿಯವರು ಹೇಳಿದ್ದಾರೆ. ನಾಟಕವೊಂದೂ ತೋರುಚಿತ್ರವೊಂದೂ ಯಾರ ಬಾಲ್ಯವನ್ನು ರೂಪಿಸಿದುವೋ ಅವರೇ ಚಲಚ್ಚಿತ್ರವನ್ನು ದೂರವಿಟ್ಟರು. ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ೧೯೨೭ರಲ್ಲಿ ನೇಮಕವಾದ ಚಲಚ್ಚಿತ್ರ ವಿಚಾರಣಸಮಿತಿಗೆ, ತಾವು ಚಲಚ್ಚಿತ್ರವನ್ನು ನೋಡಿದವರೇ ಅಲ್ಲವೆಂದೂ ಅದರಿಂದಾಗುವ ಕೇಡು ಸ್ಪಷ್ಟವಾಗಿದೆಯೆಂದೂ ಅವರು ಉತ್ತರವಿತ್ತರು. ೧೯೪೪ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ರಾಮರಾಜ್ಯ’ವೆಂಬ ಚಿತ್ರವನ್ನು ನೋಡಿದುದು ಅವರ ಜೀವನದಲ್ಲಿ ಅಪವಾದ. ಅವರ ನಿರಾಕರಣೆಯನ್ನು ಅಲ್ಲಗಳೆಯಬೇಕಾಗಿಲ್ಲ. ಭಾವದ ಬಲವನ್ನು ತಮ್ಮಲ್ಲಿಯೇ ಕಂಡಿದ್ದವರು ಅದು ಹಿಡಿಯಬಹುದಾದ ದಾರಿಯ ವಿಷಯದಲ್ಲಿ ಹೆದರುವುದು ಸಹಜ. ಆದರೆ ಅವರ ಬಾಲ್ಯವು ಅವರ ಅಭಿಪ್ರಾಯಕ್ಕಿಂತ ದೊಡ್ಡ ಸಾಕ್ಷ್ಯವೆಂಬುದನ್ನು ಮರೆಯಲಾಗದು.

೬

ಎರಡನೆಯ ಪ್ರೇಕ್ಷಕರು ಢುಂಡಿರಾಜ ಗೋವಿಂದ ಫಾಲ್ಕೆಯವರು. ೧೮೭೦ರಲ್ಲಿ ತ್ರ್ಯಂಬಕೇಶ್ವರದಲ್ಲಿ ಜನಿಸಿ, ಚಿತ್ರಕಲೆ, ಛಾಯಾಗ್ರಹಣ, ಮುದ್ರಣ ಇವುಗಳಲ್ಲಿ ಪರಿಶ್ರಮವಿದ್ದ ಇವರು, ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಯೇಸುವಿನ ಜೀವನವನ್ನು ಕುರಿತ ಮೂಕಚಿತ್ರವನ್ನು ಕಂಡರು. ಆ ದಿನದ ಅನುಭವವನ್ನು ೧೯೧೭ರಲ್ಲಿ ‘ನವಯುಗ’ವೆಂಬ ಮರಾಠಿ ಪತ್ರಿಕೆಯಲ್ಲಿ ಅವರೇ ವರ್ಣಿಸಿದ್ದಾರೆ. ಅರಿವಿಲ್ಲದೆಯೇ ಕೈಗಳು ಚಪ್ಪಾಳೆ ತಟ್ಟುತ್ತಿದ್ದುವು. ತೆರೆಯ ಮೇಲೆ ಯೇಸುವಿನ ಚರಿತ್ರೆಯು ಸಾಗುತ್ತಿದ್ದಂತೆ ಮನಸ್ಸಿನ ತೆರೆಯ ಮೇಲೆ ಕೃಷ್ಣನೂ ರಾಮನೂ ಗೋಕುಲವೂ ಅಯೋಧ್ಯೆಯೂ ಮೂಡುತ್ತಿದ್ದುವು. ಮತ್ತೊಂದು ಟಿಕೇಟನ್ನು ಕೊಂಡು ಪುನಃ ನೋಡಿದರು. ಭಾರತೀಯರ ಮೂರ್ತಿಗಳನ್ನು ಭಾರತೀಯರು ಈ ತೆರೆಯ ಮೇಲೆ ಕಾಣುವುದೆಂದಿಗೆಂಬ ಚಿಂತೆಯಲ್ಲಿ ರಾತ್ರಿಯೆಲ್ಲ ತಳಮಳಿಸಿದರು.

ಇಲ್ಲಿಯೂ ಪುನರ್ದರ್ಶನ, ತಳಮಳ, ಪ್ರಶ್ನೆ ಎಂಬ ಮೂರು ಲಕ್ಷಣಗಳೂ ಒಂದರ ಹಿಂದೊಂದು ಬಂದಿರುವುದನ್ನು ಗಮನಿಸಬೇಕು. ತನ್ನದಲ್ಲದ ಮತದ, ತನ್ನದಲ್ಲದ ದೇಶದ ಕಥೆಯು ಪ್ರೇಕ್ಷಕನಲ್ಲಿ ತನ್ನವರ ಕಥೆಯನ್ನು ಎಬ್ಬಿಸಿತು. ಅಭಿನವಗುಪ್ತನು ಹೇಳಿದ ಸಾಧಾರಣೀಕರಣಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಫಾಲ್ಕೆಯವರು ೧೯೧೨ರಲ್ಲಿ ಲಂಡನ್ನಿಗೆ ಹೋಗಿ ಯಂತ್ರವನ್ನು ಕೊಂಡುತಂದರು. ಪತ್ನಿ ಸರಸ್ವತೀಬಾಯಿಯವರ ಒಡವೆಗಳು ಒತ್ತೆಯಾದುವು. ಆರಿಸಿಕೊಂಡ ಕಥೆ ‘ರಾಜಾ ಹರಿಶ್ಚಂದ್ರ’. ದತ್ತಾತ್ರೇಯ ದಾಮೋದರ ದಾಬಕೆಯವರು ಹರಿಶ್ಚಂದ್ರನಾದರು. ಸ್ತ್ರೀಪಾತ್ರವನ್ನು ವಹಿಸಲು ಹೆಂಗಸರು ಒಪ್ಪದೆ ಹೋದುದರಿಂದ, ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆಯೆಂಬವರು ತಾರಾಮತಿಯಾದರು; ಫಾಲ್ಕೆಯವರ ಮಗ ಭಾಲಚಂದ್ರನು ರೋಹಿದಾಸನಾದನು. ಚಿತ್ರವು ೧೯೧೩ನೆಯ ಮೇ ೩ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನವನ್ನು ಕಂಡಿತು. ಮೂವರು ಶಕ್ತಿದೇವತೆಗಳು ವಿಶ್ವಾಮಿತ್ರನ ಯಜ್ಞಾಗ್ನಿಯಲ್ಲಿ ಸಿಕ್ಕಿ ಮೊರೆಯಿಡುವಾಗ ದೊರೆಯು ಬಿಡಿಸುವ ಸನ್ನಿವೇಶವು ಈ ಚಿತ್ರದಲ್ಲಿರುವುದರಿಂದ, ಇದು ಮಾರ್ಕಂಡೇಯಪುರಾಣ–ಚಂಡಕೌಶಿಕಗಳ ಪರಂಪರೆಗೆ ಸೇರಿದುದೆಂದೂ ವಸಿಷ್ಠವಿಶ್ವಾಮ್ಮಿತ್ರರ ವಾದದಿಂದ ಮೊದಲಾಗುವ ರಾಘವಾಂಕನ ಪರಂಪರೆಗೆ ಸೇರಿದುದಲ್ಲವೆಂದೂ ನಿರ್ಧರಿಸಬಹುದು. ನಾಲ್ಕು ಸುರುಳಿಗಳ ಈ ಕೃತಿಯಲ್ಲಿ ಭಾಗಗಳು ಮಾತ್ರ ಉಳಿದಿವೆ. ಉಳಿದವೂ ೧೯೧೩ರವೋ ೧೯೧೭ರ ಪುನರ್ನಿರ್ಮಾಣದವೋ ಎಂಬ ವಿಷಯದಲ್ಲಿ ಚರ್ಚೆಯುಂಟು.

ಚಿತ್ರಕ್ಕೆ ಫಾಲ್ಕೆಯವರು ಕೊಟ್ಟ ಪ್ರಕಟಣೆಯೊಂದು ಪ್ರಸಿದ್ಧವಾಗಿದೆ: ೫೭,೦೦೦ ಛಾಯಾಚಿತ್ರಗಳು, ಎರಡು ಮೈಲಿ ಉದ್ದ, ದರ ಮೂರೇ ಆಣೆ. ಚಿತ್ರದ ಉದ್ದವು ಸುಮಾರು ೩,೭೦೦ ಅಡಿ. ಅಡಿಗೆ ೧೬ ಚಿತ್ರಗಳಂತೆ ಲೆಕ್ಕಹಾಕಿದರೆ ೫೯,೦೦೦ಕ್ಕೆ ಮೇಲಾಗುವುದರಿಂದ ಮೊದಲನೆಯ ಸಂಖ್ಯೆಯು ನಂಬತಕ್ಕದ್ದೇ. ಆದರೆ ೩,೭೦೦ ಅಡಿಯು ಒಂದು ಮೈಲಿಯ ಮುಕ್ಕಾಲು ಪಾಲಿಗೂ ಕಡಮೆ! ಸತ್ಯಸಂಧನ ಕಥೆಯ ಪ್ರಕಟಣೆಯಲ್ಲಿಯೂ ಅತಿಶಯೋಕ್ತಿಯು ತನ್ನ ಪಾಲನ್ನು ಬಿಡಲಿಲ್ಲ. ಇದನ್ನು ದೋಷವೆಂದು ಎಣಿಸುವುದಕ್ಕಿಂತ, ತಾನು ಪಡೆದ ಬೆರಗನ್ನು ಇತರರಿಗೆ ಹಂಚಲು ಆತುರಪಟ್ಟ ಪ್ರೇಕ್ಷಕನ ಉತ್ಸಾಹವೆಂದು ಎಣಿಸುವುದು ನ್ಯಾಯ. ಕಂಡುದನ್ನು ಹೇಳುವಾಗ ಹಿಗ್ಗಿಸುವುದು ಉತ್ಸಾಹಿಗಳ ಸ್ವಭಾವ.

೭

ಕನ್ನಡದ ವಾಕ್ಚಿತ್ರಗಳಲ್ಲಿ ಈ ಕಥೆಯು ರಂಗಭೂಮಿಯ ದಾರಿಯಿಂದ ಬಂದಿತು. ೧೯೩೪ರ ‘ಸತೀ ಸುಲೋಚನಾ’ದಲ್ಲಿ ಅಭಿನಯಿಸಿದ್ದ ಆರ್. ನಾಗೇಂದ್ರರಾಯರೂ ಎಂ. ವಿ. ಸುಬ್ಬಯ್ಯನಾಯಿಡು ಅವರೂ ವೃತ್ತಿನಾಟಕಮಂಡಲಿಯಲ್ಲಿ ಪಳಗಿದವರು. ೧೯೪೩ರ ‘ಸತ್ಯ ಹರಿಶ್ಚಂದ್ರ’ವನ್ನು ನಾಗೇಂದ್ರರಾಯರು ನಿರ್ದೇಶಿಸಿದರು; ಸುಬ್ಬಯ್ಯನಾಯಿಡು ಅವರು ಹರಿಶ್ಚಂದ್ರನ ಪಾತ್ರವನ್ನು ವಹಿಸಿದರು. ಮದರಾಸಿನ ಎ. ವಿ. ಮೆಯ್ಯಪ್ಪನವರು ಈ ಚಿತ್ರದ ಮಾತುಗಳನ್ನು ತಮಿಳಿಗೆ ಮಾರ್ಪಡಿಸಿ ೧೯೪೪ರಲ್ಲಿ ತಮಿಳುನಾಡಿನಲ್ಲಿ ಪ್ರದರ್ಶಿಸಿದರು. ಮುಖವು ಕನ್ನಡದ ನಟರದು, ಧ್ವನಿಯು ತಮಿಳಿನದು.

೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ‘ಸತ್ಯ ಹರಿಶ್ಚಂದ್ರ’ವು ಮತ್ತೊಮ್ಮೆ ತಯಾರಾಯಿತು. ರಾಜಕುಮಾರರ ಹರಿಶ್ಚಂದ್ರ, ಪಂಢರಿಬಾಯಿಯವರ ಚಂದ್ರಮತಿ, ಉದಯಕುಮಾರರ ವಿಶ್ವಾಮಿತ್ರ, ನರಸಿಂಹರಾಜರ ನಕ್ಷತ್ರಿಕ, ಎಂ. ಪಿ. ಶಂಕರರ ವೀರಬಾಹು—ಪಾತ್ರಗಳ ಹೆಸರುಗಳೇ ರಾಘವಾಂಕನ ಪರಂಪರೆಯನ್ನು ಸಾರುತ್ತವೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ರಜತಪದಕವು ಸಂದಿತು. ೪೩ ವರ್ಷಗಳ ಬಳಿಕ, ೨೦೦೮ರಲ್ಲಿ, ಕಪ್ಪುಬಿಳುಪಿನ ಆ ಚಿತ್ರಕ್ಕೆ ಬಣ್ಣವನ್ನು ಕೂಡಿಸಿ ಚಿತ್ರಮಂದಿರಗಳಲ್ಲಿ ಮತ್ತೆ ತೋರಿಸಲಾಯಿತು. ಕಥೆಯ ಕೊನೆಯೇನೆಂದು ತಿಳಿಯದವರು ಆ ಸಭೆಯಲ್ಲಿ ಯಾರೂ ಇದ್ದಿರಲಾರರು. ಮುಂದೇನಾಗುವುದೋ ಎಂಬ ಕುತೂಹಲದಿಂದಲೇ ಜನರು ಕಥೆಯನ್ನು ನೋಡುವರೆಂಬ ಮತಕ್ಕೆ ಇದು ಸಾಕಾದ ಉತ್ತರ.

೮

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ಅದನ್ನು ಮುಚ್ಚಿಡುವುದು ವಿಮರ್ಶೆಗೆ ಸಲ್ಲದು. ರಾಮಚಂದ್ರನು ಪಟ್ಟಿಮಾಡಿದ ದುಃಖಗಳಲ್ಲಿ ಚಂಡಾಲದಾಸ್ಯವು ಒಂದು. ದೊರೆಯು ಚಂಡಾಲನ ಆಳಾದನೆಂದು ಶತಮಾನಗಳಿಂದ ಸಭೆಗಳು ಅತ್ತಿವೆ. ಆದರೆ ಹುಟ್ಟಿನಿಂದಲೇ ಆ ಕಾಯಕವು ಯಾರ ಪಾಲಿಗೆ ಬಂದಿದ್ದಿತೋ ಅವರಿಗಾಗಿ ಆ ಸಭೆಗಳು ಅತ್ತವೇ? ಕಣ್ಣೀರು ಎಲ್ಲರ ಕಣ್ಣಿನಿಂದ ಬಂದರೂ ಎಲ್ಲರಿಗಾಗಿ ಬಾರದಿರಬಹುದು. ಕರುಣರಸದ ಮಿತಿಯು ಇಲ್ಲಿದೆ.

ಈ ಮಿತಿಯನ್ನು ರಾಘವಾಂಕನು ಅರಿತಿದ್ದನೆಂದು ಹೇಳಲು ಆಧಾರವುಂಟು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಗಾನರಾಣಿಯರು ದೊರೆಯನ್ನು ಹಾಡಿನಿಂದ ಮೆಚ್ಚಿಸಿ, ತಮ್ಮನ್ನು ವರಿಸೆಂದು ಕೇಳುತ್ತಾರೆ. ಕುಲದ ಕಾರಣದಿಂದ ಅವನು ನಿರಾಕರಿಸಿದಾಗ, ತಮ್ಮ ರೂಪವನ್ನು ನೋಡಿದ ಕಣ್ಣಿಗೂ ಹಾಡನ್ನು ಕೇಳಿದ ಕಿವಿಗೂ ಇಲ್ಲದ ಹೊಲೆಯು ಮುಟ್ಟುವ ಮೈಗೆ ಮಾತ್ರ ಎಲ್ಲಿಂದ ಬಂದಿತೆಂಬ ಅರ್ಥದ ವಾದವನ್ನು ಅವರು ಹೂಡುತ್ತಾರೆ. ದೊರೆಯಲ್ಲಿ ಅದಕ್ಕೆ ಸರಿಯಾದ ಉತ್ತರವಿಲ್ಲ. ಕಾವ್ಯದ ನಾಯಕನು ಸೋತ ವಾದವನ್ನು ಕವಿಯು ಅಳಿಸಿಹಾಕದೆ ಉಳಿಸಿದನು. ೧೯೬೫ರ ಚಿತ್ರದಲ್ಲಿ ವೀರಬಾಹುವಿನ ತಂಡದವರು ಕುಲದ ಮೇಲುಕೀಳುಗಳನ್ನು ಪ್ರಶ್ನಿಸಿ ಹಾಡುವ ಹಾಡು ಅದೇ ವಾದದ ಮುಂದುವರಿಕೆ. ಹುಣಸೂರು ಕೃಷ್ಣಮೂರ್ತಿಯವರೇ ಬರೆದ ಆ ಹಾಡು ಚಿತ್ರವನ್ನು ಮೀರಿ ಜನರ ಬಾಯಲ್ಲಿ ನೆಲೆಸಿತು. ದೊರೆಗಾಗಿ ಅಳಲು ಬಂದವರು ದೊರೆಯ ಒಡೆಯನ ಹಾಡನ್ನು ಕಲಿತು ಮನೆಗೆ ಹೋದರು.

ಆದುದರಿಂದ ಪ್ರೇಕ್ಷಕನ ಭಾವಾವೇಶವು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ; ಅದು ಶಕ್ತಿ. ರಾಜಕೋಟೆಯಲ್ಲಿ ಅದು ಆಚರಣೆಯತ್ತ ಹರಿಯಿತು, ಮುಂಬಯಿಯಲ್ಲಿ ಕಲೆಯತ್ತ, ಕನ್ನಡದ ಚಿತ್ರಮಂದಿರದಲ್ಲಿ ಹಾಡಿನತ್ತ. ಐತರೇಯದ ಒಣ ಆಖ್ಯಾನವು ಇಂದಿನ ರೂಪಕ್ಕೆ ಬಂದುದು, ಪ್ರತಿಯೊಂದು ಕಾಲದಲ್ಲಿಯೂ ಅದನ್ನು ಕೇಳಿ, ನೋಡಿ, ತಡೆಯಲಾರದೆ ಮತ್ತೆ ಹೇಳಿದವರಿಂದ. ಕ್ಷೇಮೀಶ್ವರನೂ ರಾಮಚಂದ್ರನೂ ರಾಘವಾಂಕನೂ ಕವಿಗಳಾಗುವುದಕ್ಕೆ ಮೊದಲು ಈ ಕಥೆಯ ಶ್ರೋತೃಗಳಾಗಿದ್ದವರೇ.

ಪಾಠಶಾಲೆಗಳಲ್ಲಿ ಹರಿಶ್ಚಂದ್ರಕಾವ್ಯವನ್ನು ಬೋಧಿಸುವಾಗ ಚಂದ್ರಮತಿಯ ಪ್ರಲಾಪಕ್ಕೆ ಬಂದು ಕಣ್ಣು ತೇವಗೊಂಡ ವಿದ್ಯಾರ್ಥಿಯನ್ನು ಉಳಿದವರು ನಗುವುದುಂಟು. ಆಗ ಅಧ್ಯಾಪಕರು ಪದವಿಭಾಗವನ್ನು ಒಂದು ಗಳಿಗೆ ನಿಲ್ಲಿಸಿ, ಆ ಮೌನವನ್ನು ಕೆಡಿಸದೆ ಬಿಡುವುದು ಒಳ್ಳೆಯದು. ಭರತನ ಲೆಕ್ಕದಲ್ಲಿ ಅದು ದೈವಿಕೀ ಸಿದ್ಧಿ.